ಸದಾರಮೆಯ ಕಳ್ಳ ಮತ್ತು ಕ್ಯಾಮೆರಾ

ವೃತ್ತಿ ನಾಟಕ ಕಂಪನಿಗಳು ಕನ್ನಡಕ್ಕೆ ಕೊಟ್ಟ ಪ್ರಣಯ ವಿನೋದಗಳಲ್ಲಿ ‘ಸದಾರಮೆ’ಗೆ ದೊರೆತಷ್ಟು ದೀರ್ಘವಾದ ರಂಗಾಯುಷ್ಯ ದೊರೆತ ನಾಟಕಗಳು ಬಹಳ ಇಲ್ಲ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಹೆಸರಿನೊಂದಿಗೆ ಪ್ರಚಲಿತವಾಗಿರುವ, ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಮೂಲಕ ಊರೂರು ತಿರುಗಿ ಮನೆಮಾತಾದ ಈ ನಾಟಕ, ಮಾತಿನ ಚಿತ್ರ ಕನ್ನಡಕ್ಕೆ ಬಂದ ಮರುವರ್ಷವೇ, ಅಂದರೆ 1935ರಲ್ಲಿ, ರಾಜಾ ಚಂದ್ರಶೇಖರ್ ಅವರ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ಅದೇ ವರ್ಷ ಕೆ. ಸುಬ್ರಹ್ಮಣ್ಯಂ ಅದನ್ನು ತಮಿಳಿನಲ್ಲಿ ‘ನವೀನ ಸದಾರಮೆ’ ಎಂಬ ಹೆಸರಿನಿಂದ ತೆರೆಗೆ ತಂದರು. ಇಪ್ಪತ್ತೊಂದು ವರ್ಷಗಳ ಬಳಿಕ, 1956ರಲ್ಲಿ, ಕು.ರಾ. ಸೀತಾರಾಮ ಶಾಸ್ತ್ರಿಗಳು ಕನ್ನಡದಲ್ಲಿ ಮತ್ತೊಮ್ಮೆ ಅದನ್ನು ಚಿತ್ರವಾಗಿಸಿದರು. ರಂಗದ ಮೇಲೆ ಆ ರಾತ್ರಿಗೆ ಹುಟ್ಟಿ ಆ ರಾತ್ರಿಗೇ ಕರಗುವ ಆಟವನ್ನು ಕ್ಯಾಮೆರಾ ಶಾಶ್ವತವಾಗಿ ಹಿಡಿದಿಡುತ್ತದೆ ಎಂಬ ಭರವಸೆ ಆ ಕಾಲದ ಕಂಪನಿಗಳಿಗೆ ಇದ್ದಿರಬೇಕು. ನಡೆದದ್ದು ಅದಕ್ಕೆ ತೀರ ವಿರುದ್ಧವಾದದ್ದು: ಕನ್ನಡದ ಮೊದಲ ದಶಕದ ಮಾತಿನ ಚಿತ್ರಗಳ ಪ್ರತಿಗಳು ಬಹುತೇಕ ನಾಶವಾದವು, ನಾಟಕವಾದರೋ ನಟನಟಿಯರ ಕಂಠದಲ್ಲಿ, ಹಾರ್ಮೋನಿಯಂ ಮೇಷ್ಟ್ರುಗಳ ಬೆರಳಿನಲ್ಲಿ ಉಳಿದುಕೊಂಡಿತು. ರಂಗಪ್ರಯೋಗವನ್ನು ಚಿತ್ರೀಕರಿಸುವುದೆಂದರೆ ನಿಜವಾಗಿ ಏನನ್ನು ಚಿತ್ರೀಕರಿಸಬೇಕು ಎಂಬ ಪ್ರಶ್ನೆಗೆ ಈ ಒಂದು ನಾಟಕದ ಚರಿತ್ರೆಯಲ್ಲಿಯೇ ಸಾಕಷ್ಟು ಉತ್ತರವಿದೆ.

ಪ್ರಣಯ ವಿನೋದವೆಂದರೆ, ಒಬ್ಬರನ್ನೊಬ್ಬರು ಮೆಚ್ಚಿದ ಜೋಡಿಯೊಂದು ಹಿರಿಯರ ಹಟ, ಹಣದಾಸೆ, ವೇಷಾಂತರ, ತಪ್ಪು ಗುರುತು ಮೊದಲಾದ ಅಡ್ಡಿಗಳನ್ನೆಲ್ಲ ದಾಟಿ ಕಡೆಗೆ ಕೂಡುವ ಕಥೆ. ಅದರ ನಗೆ ಆ ಜೋಡಿಯಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಅವರ ದಾರಿಗೆ ಅಡ್ಡ ಬರುವ ಪಾತ್ರಗಳಿಂದ ಹುಟ್ಟುತ್ತದೆ. ಸಂಸ್ಕೃತ ನಾಟ್ಯಶಾಸ್ತ್ರವು ‘ಪ್ರಕರಣ’ ಎಂದು ಕರೆದ ರೂಪಕ ಪ್ರಭೇದ, ಅಂದರೆ ಪುರಾಣದಿಂದ ತೆಗೆದುಕೊಳ್ಳದೆ ಕವಿ ತಾನೇ ಕಲ್ಪಿಸಿದ ಕಥೆಯುಳ್ಳ, ದೇವತೆಗಳಿಗಿಂತ ವರ್ತಕರು, ಗಣಿಕೆಯರು, ಜೂಜುಕೋರರು ತುಂಬಿರುವ ನಾಟಕ, ಇದಕ್ಕೆ ತೀರ ಹತ್ತಿರದ ನಂಟು. ‘ಸದಾರಮೆ’ ಈ ಎರಡು ಪರಂಪರೆಗಳಿಗೂ ಸಲ್ಲುವ ಕೃತಿ. ರಾಜಕುಮಾರನೊಬ್ಬ ವರ್ತಕನ ಮಗಳು ಸದಾರಮೆಯನ್ನು ಮೆಚ್ಚುತ್ತಾನೆ. ಮದುವೆಯ ಬೆಲೆಯಾಗಿ ರಾಜ್ಯವೇ ಕೈಬಿಟ್ಟು ಹೋಗಿ ಗಂಡಹೆಂಡಿರು ಕಾಡುಪಾಲಾಗುತ್ತಾರೆ. ಅಲ್ಲಿ ಅಗಲಿದ ಮೇಲೆ ಸದಾರಮೆ ಒಬ್ಬಂಟಿಯಾಗಿ ಒಂದೊಂದು ಅಪಾಯವನ್ನೂ ಬುದ್ಧಿಯಿಂದ ಗೆದ್ದು, ಗಂಡುವೇಷ ತೊಟ್ಟು, ಪರರಾಜ್ಯದಲ್ಲಿ ಗೌರವ ಪಡೆದು, ಕಳೆದುಹೋದ ಗಂಡನನ್ನು ತಾನೇ ಹುಡುಕಿಕೊಳ್ಳುತ್ತಾಳೆ. ನಾಯಕ ದುರ್ಬಲ, ನಾಯಕಿ ಚತುರೆ. ಈ ಏರ್ಪಾಡೇ ನಾಟಕದ ಜೀವಾಳ, ಹೆಣ್ಣುಮಕ್ಕಳು ಗಾಡಿ ಕಟ್ಟಿಕೊಂಡು ಬಂದು ಈ ನಾಟಕ ನೋಡಿದ್ದಕ್ಕೆ ಮುಖ್ಯ ಕಾರಣವೂ ಇದೇ ಆಗಿರಬೇಕು.

ಗುಬ್ಬಿ ವೀರಣ್ಣನವರ ಹೆಸರು ಈ ನಾಟಕಕ್ಕೆ ಅಂಟಿಕೊಂಡದ್ದು ನಾಯಕನ ಪಾತ್ರದಿಂದಲ್ಲ. 1884ರಲ್ಲಿ ಹುಟ್ಟಿದ ಕಂಪನಿಗೆ ಎಳೆಯ ಹುಡುಗನಾಗಿ ಸೇರಿ, 1917ರಲ್ಲಿ ಅದರ ಯಜಮಾನರಾಗಿ, ಮುಂದೆ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದು ವೈಭವದ ಶಿಖರ ಮುಟ್ಟಿದ ಈ ಮಹಾನ್ ಸಂಘಟಕ, ಸ್ವಭಾವತಃ ಹಾಸ್ಯನಟ. ‘ಸದಾರಮೆ’ಯ ಪೆದ್ದ ವರ್ತಕಪುತ್ರ ಆದಿಮೂರ್ತಿ ಮತ್ತು ಕಾಡಿನ ಕಳ್ಳ, ಇವೆರಡೂ ಅವರಿಗೆ ಕೀರ್ತಿ ತಂದ ಪಾತ್ರಗಳು. ಅವುಗಳಲ್ಲಿಯೂ ಕಳ್ಳನ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ, ಏಕೆಂದರೆ ರಂಗಕ್ಕೂ ಚಿತ್ರಕ್ಕೂ ಇರುವ ಅಂತರವನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ಕಂಪನಿ ನಾಟಕಗಳಲ್ಲಿ ಸಿಗಲಾರದು.

ಕಾಡಿನ ಪರದೆಯ ಮುಂದೆ ಒಂಟಿ ಹೆಣ್ಣು, ಎದುರಿಗೆ ಕಳ್ಳ. ಕಥೆಯ ಮಟ್ಟದಲ್ಲಿ ಇದು ಭಯದ ಸನ್ನಿವೇಶ. ಆದರೆ ಕಳ್ಳನು ಅವಳ ಒಡವೆಗಿಂತ ಅವಳ ಚೆಲುವಿಗೆ ಸೋತು, ಒಲಿಸಿಕೊಳ್ಳಲು ಹಾಡತೊಡಗಿದೊಡನೆ ಭಯವು ನಗೆಯಾಗಿ ತಿರುಗುತ್ತದೆ. ಸದಾರಮೆ ಒಪ್ಪಿದಂತೆ ನಟಿಸುತ್ತಾಳೆ, ಕಳ್ಳ ನಂಬುತ್ತಾನೆ, ಅವನು ನಂಬಿದಷ್ಟೂ ಪ್ರೇಕ್ಷಕರು ಅವಳ ಗುಟ್ಟಿನ ಪಾಲುದಾರರಾಗುತ್ತಾರೆ. ಈ ಪಾಲುದಾರಿಕೆ ಬರೆದಿಟ್ಟ ಮಾತಿನಲ್ಲಿ ಅಡಗಿಲ್ಲ. ಕಳ್ಳನು ಮಾತಿನ ನಡುವೆ ಸದಾರಮೆಯನ್ನು ಬಿಟ್ಟು ಸಭಿಕರ ಕಡೆ ತಿರುಗಿ ತನ್ನ ಸಂತೋಷವನ್ನು ಅವರಿಗೆ ಒಪ್ಪಿಸುತ್ತಾನೆ. ಮುಂದಿನ ಸಾಲಿನವರು ಏನಾದರೂ ಅಂದರೆ ಅದಕ್ಕೆ ಉತ್ತರ ಕೊಡುತ್ತಾನೆ. ಕ್ಯಾಂಪ್ ಹಾಕಿದ ಊರಿನ ಸಂತೆ, ಮಳೆ, ಬೆಲೆ, ಇವೆಲ್ಲ ಅವನ ಮಾತಿನೊಳಗೆ ಬಂದುಹೋಗುತ್ತವೆ. ಹಾಡು ಮುಗಿದಾಗ ‘ಒನ್ಸ್ ಮೋರ್’ ಎಂಬ ಕೂಗು ಎದ್ದರೆ ಮತ್ತೆ ಹಾಡುತ್ತಾನೆ, ಆದರೆ ಮೊದಲಿನಂತೆಯೇ ಅಲ್ಲ, ಇನ್ನೊಂದು ಸಂಗತಿ ಸೇರಿಸಿ, ಇನ್ನೊಂದು ಕುಣಿತ ಸೇರಿಸಿ. ಎದುರಿಗಿರುವ ನಾಯಕಿ ಅಷ್ಟೂ ಹೊತ್ತು ಕಾಯಬೇಕು, ಅವನ ಹೊಸ ಮಾತಿಗೆ ಹೊಸ ಮುಖಭಾವ ಕೊಡಬೇಕು. ಹಾರ್ಮೋನಿಯಂ ನುಡಿಸುವವರು ನಟನ ಕಾಲಿನ ಮೇಲೆ ಕಣ್ಣಿಟ್ಟಿರಬೇಕು. ಒಂದು ರಾತ್ರಿ ಹತ್ತು ನಿಮಿಷ ನಡೆದ ದೃಶ್ಯ ಇನ್ನೊಂದು ರಾತ್ರಿ ಅರ್ಧ ಗಂಟೆ ನಡೆಯುವುದು ಈ ಬಗೆಯ ಆಟದಲ್ಲಿ ಸಹಜ. ಆ ಕಾಲಾವಧಿಯನ್ನು ನಿರ್ಧರಿಸುವವರು ನಟರೂ ಅಲ್ಲ, ಕವಿಯೂ ಅಲ್ಲ. ಟಿಕೆಟ್ ಕೊಂಡು ಕೂತ ಜನ.

1930ರ ದಶಕದ ಚಿತ್ರ ತಂತ್ರಕ್ಕೆ ಇಂತಹ ದೃಶ್ಯವನ್ನು ನುಂಗುವ ಶಕ್ತಿಯಿರಲಿಲ್ಲ. ಸಾವಿರ ಅಡಿಯ ಒಂದು ರೀಲು, ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟುಗಳ ವೇಗದಲ್ಲಿ, ಸುಮಾರು ಹನ್ನೊಂದು ನಿಮಿಷ ಓಡುತ್ತದೆ. ಕಚ್ಚಾ ಫಿಲ್ಮು ವಿದೇಶದಿಂದ ಬರಬೇಕಾದ ದುಬಾರಿ ಸರಕು, ಆದ್ದರಿಂದ ನಟನು ತೋಚಿದಂತೆ ಮಾತು ಬೆಳೆಸುವ ಹಾಗಿರಲಿಲ್ಲ. ಹಿನ್ನೆಲೆ ಗಾಯನ, ಅಂದರೆ ಹಾಡನ್ನು ಮೊದಲೇ ಧ್ವನಿಮುದ್ರಿಸಿ ಚಿತ್ರೀಕರಣದಲ್ಲಿ ತುಟಿ ಆಡಿಸುವ ಪದ್ಧತಿ, ಭಾರತದಲ್ಲಿ ಆರಂಭವಾದದ್ದೇ 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯಲ್ಲಿ. ಅದು ಎಲ್ಲ ಕಡೆ ಹರಡುವ ತನಕ ನಟರು ಕ್ಯಾಮೆರಾದ ಎದುರಿನಲ್ಲಿಯೇ ಹಾಡಬೇಕಿತ್ತು, ಪಕ್ಕವಾದ್ಯದವರು ಚೌಕಟ್ಟಿನ ಹೊರಗೆ ಮರೆಯಾಗಿ ಕೂತು ನುಡಿಸಬೇಕಿತ್ತು. ಎತ್ತರದ ದನಿಯಲ್ಲಿ ಹಿಂದಿನ ಸಾಲನ್ನು ಮುಟ್ಟಿಸಿ ರೂಢಿಯಾದ ಕಂಪನಿಯ ಗಾಯಕನಟರಿಗೆ ಮೈಕಿನಿಂದ ದೂರ ಸರಿಯದೆ, ತಲೆ ತಿರುಗಿಸದೆ, ನಿಂತಲ್ಲೇ ನಿಂತು ಹಾಡುವುದು ಒಂದು ಬಗೆಯ ಶಿಕ್ಷೆಯೇ. ಎಲ್ಲಕ್ಕಿಂತ ಮುಖ್ಯವಾಗಿ ಸ್ಟುಡಿಯೋದಲ್ಲಿ ಮೌನವಿರಬೇಕು. ನಕ್ಕರೆ ನಗೆಯೂ ಮುದ್ರಿತವಾಗಿ ಇಡೀ ತುಣುಕು ಕೆಡುತ್ತದೆ. ನಗಬಾರದ ಜಾಗದಲ್ಲಿ ನಗೆನಾಟಕ ಆಡಿಸಿದ ಈ ವಿಚಿತ್ರವನ್ನು ಗಮನಿಸದೆ ಆ ಕಾಲದ ಚಿತ್ರಗಳನ್ನು ‘ಬರೀ ನಾಟಕದಂತಿದ್ದವು’ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ನಾಟಕದಂತಿರಲು ಅವಕ್ಕೆ ಅವಕಾಶವೇ ಇರಲಿಲ್ಲ.

ಕಂಪನಿಗಳು ಸ್ಟುಡಿಯೋಗಳ ಕಡೆ ಹೊರಳಿದ ದಾರಿ ಮಹಾರಾಷ್ಟ್ರದ ಮೂಲಕ ಹಾದುಹೋಗುತ್ತದೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’, ಕನ್ನಡದ ಮೊದಲ ಮಾತಿನ ಚಿತ್ರ, ವೈ.ವಿ. ರಾವ್ ನಿರ್ದೇಶನದಲ್ಲಿ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ತಯಾರಾಯಿತು; ಅದರ ಸಾಹಿತ್ಯ ‘ಸದಾರಮೆ’ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದೇ, ಅದರ ಇಂದ್ರಜಿತು ಸುಬ್ಬಯ್ಯ ನಾಯ್ಡು, ರಾವಣ ಆರ್. ನಾಗೇಂದ್ರರಾವ್, ಇಬ್ಬರೂ ರಂಗದ ಮಕ್ಕಳು. ಆ ಹೊತ್ತಿಗೆ ಪ್ರಭಾತ್ ಸಂಸ್ಥೆ ಕೊಲ್ಹಾಪುರದಿಂದ ಪುಣೆಗೆ ಸ್ಥಳಾಂತರಗೊಂಡು, 1933ರಿಂದ ಅಲ್ಲಿ ದೇಶದ ಸುಸಜ್ಜಿತ ಸ್ಟುಡಿಯೋಗಳಲ್ಲೊಂದನ್ನು ನಡೆಸುತ್ತಿತ್ತು. ಮದ್ರಾಸಿನ ಸ್ಟುಡಿಯೋಗಳು ಬಲಗೊಳ್ಳುವ ಮುನ್ನ ಕನ್ನಡ ರಂಗದವರಿಗೆ ಚಿತ್ರವೆಂದರೆ ಉತ್ತರದ ಕಡೆಯ ಪ್ರಯಾಣ.

ಆ ಪ್ರಯಾಣ ಹೊಸದೇನೂ ಆಗಿರಲಿಲ್ಲ. ನಾಟಕದ ದಾರಿ ಅದಾಗಲೇ ಎರಡೂ ಕಡೆಗೆ ಸವೆದಿತ್ತು. ಪುಣೆ ಜಿಲ್ಲೆಯ ಆಗ್ನೇಯ ತುದಿಯಲ್ಲಿರುವ ಇಂದಾಪುರ ತಾಲ್ಲೂಕನ್ನು ಇದರ ಭೌಗೋಳಿಕ ಗುರುತಾಗಿ ಇಟ್ಟುಕೊಳ್ಳಬಹುದು. ಪುಣೆಯಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿ ಇಂದಾಪುರವನ್ನು ಹಾದುಹೋಗುತ್ತದೆ. ಈಗ ಉಜನಿ ಜಲಾಶಯದ ಹಿನ್ನೀರು ಹರಡಿಕೊಂಡಿರುವ ಭೀಮಾ ನದಿ, ಇದೇ ತಾಲ್ಲೂಕಿನ ನರಸಿಂಹಪುರದಲ್ಲಿ ನೀರಾ ನದಿಯನ್ನು ಕೂಡಿಕೊಂಡು, ಪಂಢರಪುರವನ್ನು ಬಳಸಿ, ವಿಜಯಪುರ ಕಲಬುರಗಿ ಜಿಲ್ಲೆಗಳ ಕನ್ನಡ ನೆಲಕ್ಕೆ ಇಳಿಯುತ್ತದೆ. ಸಂಗಮದ ಲಕ್ಷ್ಮೀನರಸಿಂಹನು ಉತ್ತರ ಕರ್ನಾಟಕದ ಅನೇಕ ಮನೆತನಗಳಿಗೆ ಕುಲದೇವರು. ಮರಾಠಿ ಸಂಗೀತ ನಾಟಕ ಕೆಳಕ್ಕೂ ಕನ್ನಡದ ಧಾಟಿಗಳು ಮೇಲಕ್ಕೂ ಸಾಗಿದ್ದು ಇಂತಹ ಊರುಗಳ ನಡುವಿನ ಹಾದಿಗಳಲ್ಲಿ. ಎರಡು ಭಾಷೆಗಳೂ ಒಂದೇ ಮನೆಯೊಳಗೆ ಓಡಾಡುವ ಸೋಲಾಪುರದಂತಹ ಪೇಟೆಯಲ್ಲಿ ಯಾವ ನಾಟಕ ಯಾರದ್ದು ಎಂಬ ಪ್ರಶ್ನೆಗೆ ಹೆಚ್ಚಿನ ಅರ್ಥವಿರಲಿಲ್ಲ.

ಪುಣೆಯ ರಂಗಭೂಮಿಯ ಅತ್ಯಂತ ಪ್ರೀತಿಯ ಪ್ರಣಯ ವಿನೋದವನ್ನು ಬರೆದವರೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಅಣ್ಣಾಸಾಹೇಬ ಕಿರ್ಲೋಸ್ಕರರು 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ನಾಂದಿ ಹಾಡಿದರು, ಎರಡು ವರ್ಷಗಳ ಬಳಿಕ, 1882ರ ನವೆಂಬರಿನಲ್ಲಿ, ‘ಸಂಗೀತ ಸೌಭದ್ರ’ದ ಮೊದಲ ಮೂರು ಅಂಕಗಳು ರಂಗಕ್ಕೆ ಬಂದವು. ಸುಭದ್ರೆಯನ್ನು ದುರ್ಯೋಧನನಿಗೆ ಕೊಡಬೇಕೆಂಬ ಬಲರಾಮನ ಹಟ, ಅರ್ಜುನನಿಗೆ ಕೊಡಿಸಬೇಕೆಂಬ ಕೃಷ್ಣನ ತಂತ್ರ, ಇವುಗಳ ನಡುವೆ ಅರ್ಜುನನು ಸಂನ್ಯಾಸಿಯ ವೇಷದಲ್ಲಿ ದ್ವಾರಕೆಗೆ ಬಂದು, ಸಂನ್ಯಾಸಿಯೆಂಬ ಭಕ್ತಿಯಿಂದ ಬಲರಾಮನೇ ತಂಗಿಯನ್ನು ಅವನ ಸೇವೆಗೆ ನೇಮಿಸುವ ಪೇಚು. ಮಹಾಭಾರತದ ಕಥೆ ಇಲ್ಲಿ ಹತ್ತೊಂಬತ್ತನೆಯ ಶತಮಾನದ ಒಂದು ದೊಡ್ಡ ಮನೆತನದ ಮದುವೆಯ ಗದ್ದಲವಾಗಿ ಬದಲಾಗಿದೆ. ನೂರಕ್ಕೂ ಮಿಕ್ಕ ಹಾಡುಗಳುಳ್ಳ ಈ ನಾಟಕದ ಸಂಗೀತದಲ್ಲಿ ಕಿರ್ಲೋಸ್ಕರರು ಕೀರ್ತನೆ, ಲಾವಣಿಗಳ ಜೊತೆಗೆ ತಾವು ಕೇಳಿ ಬೆಳೆದ ಕನ್ನಡದ ಧಾಟಿಗಳನ್ನೂ ಬಳಸಿದರು. ಮರಾಠಿ ಕಂಪನಿಗಳ ಈ ಮೋಹಕ್ಕೆ ಕನ್ನಡದ ಊರುಗಳು ಮರುಳಾದದ್ದನ್ನು ಕಂಡೇ ಗದಗಿನ ಶಾಂತಕವಿಗಳು ಕನ್ನಡ ನಾಟಕ ಬರೆದು, ಮಂಡಳಿ ಕಟ್ಟಿ, ಜನರನ್ನು ತಮ್ಮ ನುಡಿಯ ಕಡೆಗೆ ಎಳೆದದ್ದು. ಪೈಪೋಟಿಯೂ ಕೊಡುಕೊಳುಗೆಯೂ ಒಟ್ಟಿಗೇ ನಡೆದ ಕಾಲವದು.

ಇದೇ ಸುಭದ್ರೆಯ ಕಥೆಯನ್ನು ಗುಬ್ಬಿ ವೀರಣ್ಣನವರು 1941ರಲ್ಲಿ ಕನ್ನಡದ ತೆರೆಗೆ ತಂದರು. ಪಿ. ಪುಲ್ಲಯ್ಯ ನಿರ್ದೇಶಿಸಿದ ‘ಸುಭದ್ರಾ’ದಲ್ಲಿ ವೀರಣ್ಣ, ಬಿ. ಜಯಮ್ಮ ಮತ್ತು ಹೊನ್ನಪ್ಪ ಭಾಗವತರ್ ಇದ್ದರು. ಮುಂದೆ ಕನ್ನಡದ ಗಾಯಕನಟರಲ್ಲಿ ಹಿರಿಯರೆನಿಸಿದ ಭಾಗವತರ್ ಅವರ ಕನ್ನಡ ಚಿತ್ರಜೀವನ ಆರಂಭವಾದದ್ದು ಈ ಚಿತ್ರದಿಂದ. ರಂಗದಿಂದ ತೆರೆಗೆ ದಾಟಿದ ಈ ಚರಿತ್ರೆಯಲ್ಲಿ ಜಯಮ್ಮನವರು ಇನ್ನೊಬ್ಬ ಮುಖ್ಯ ವ್ಯಕ್ತಿ. ಮೈಕು ಒಪ್ಪುವ ಕಂಠ, ಹತ್ತಿರದ ಚಿತ್ರಿಕೆಯನ್ನು ತಾಳುವ ಮುಖ, ಎರಡೂ ಅವರಿಗಿದ್ದವು. ಕಂಪನಿಯ ರಂಗದಿಂದ ತೆರೆಗೆ ಅಷ್ಟು ಹಗುರವಾಗಿ ದಾಟಿದವರು ಕಡಿಮೆ.

ದಾಟಲಾಗದವರ ಉದಾಹರಣೆ ಪುಣೆಯಲ್ಲಿಯೇ ಇತ್ತು. ಸ್ತ್ರೀಪಾತ್ರಗಳಿಂದ ಎರಡು ತಲೆಮಾರುಗಳನ್ನು ಮೋಡಿ ಮಾಡಿದ ಬಾಲಗಂಧರ್ವರು 1935ರಲ್ಲಿ ಪ್ರಭಾತ್ ಸಂಸ್ಥೆಯ ‘ಧರ್ಮಾತ್ಮ’ದಲ್ಲಿ ಸಂತ ಏಕನಾಥರಾಗಿ ನಟಿಸಿದರು, 1937ರಲ್ಲಿ ಬಾಬುರಾವ್ ಪೇಂಟರ್ ನಿರ್ದೇಶನದ ‘ಸಾಧ್ವಿ ಮೀರಾಬಾಯಿ’ಯಲ್ಲಿ ತಮ್ಮ ಎಂದಿನ ಸ್ತ್ರೀವೇಷಕ್ಕೆ ಮರಳಿದರು. ರಂಗಪ್ರಯೋಗವನ್ನೇ ಹೆಚ್ಚುಕಡಿಮೆ ತೆರೆಗೆ ಇಳಿಸಿದಂತಿದ್ದ ಆ ಚಿತ್ರ ಸೋತಿತು. ಸೀರೆಯ ನೆರಿಗೆ, ನಡೆ, ನೋಟ, ಕಂಠ, ಇವುಗಳಿಂದ ನಟ ಕಟ್ಟಿದ ಹೆಣ್ಣನ್ನು ದೀಪದ ಬೆಳಕಿನಲ್ಲಿ ದೂರ ಕೂತ ಪ್ರೇಕ್ಷಕರು ತಮ್ಮ ಕಲ್ಪನೆಯಿಂದ ಪೂರ್ತಿಗೊಳಿಸುತ್ತಿದ್ದರು; ಆ ದೂರವನ್ನು ಕ್ಯಾಮೆರಾ ಅಳಿಸಿಹಾಕಿದಾಗ ಪ್ರೇಕ್ಷಕರು ಮಾಡಬೇಕಾದ ಕೆಲಸವೂ ಅಳಿಸಿಹೋಯಿತು. ಕಲಾವಿದನ ಸೋಲು ಎಂದು ಇದನ್ನು ಓದುವುದು ತಪ್ಪು. ಮುಂದಿನ ವರ್ಷಗಳಲ್ಲಿ ಅವರ ಕಂಪನಿಯಲ್ಲಿ ನಾಯಕಿಯಾಗಿ ನಿಂತವರು ವಿಜಯಪುರದ ಕಡೆಯ ಬೀಳಗಿಯಿಂದ ಹೋದ ಗೋಹರಬಾಯಿ ಕರ್ನಾಟಕಿ, ಹಿನ್ನೆಲೆ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಸಹೋದರಿ. ಗಂಧರ್ವರ ಗಾಯನಶೈಲಿಯನ್ನು ಧ್ವನಿಮುದ್ರಿಕೆಗಳಿಂದಲೇ ಕಲಿತು ಅವರೆದುರು ಹಾಡುವ ಮಟ್ಟಕ್ಕೆ ಬೆಳೆದ ಕನ್ನಡದ ಹೆಣ್ಣುಮಗಳು.

1941ರಲ್ಲಿಯೇ ಇನ್ನೊಂದು ಕಂಪನಿ ಇನ್ನೂ ಹಳೆಯ ಪ್ರಣಯ ವಿನೋದವನ್ನು ಚಿತ್ರವಾಗಿಸಿತು. ಶೂದ್ರಕನ ‘ಮೃಚ್ಛಕಟಿಕ’ ಹತ್ತು ಅಂಕಗಳ ಪ್ರಕರಣ. ಬಡವನಾದ ವರ್ತಕ ಚಾರುದತ್ತ ಮತ್ತು ಸಿರಿವಂತ ಗಣಿಕೆ ವಸಂತಸೇನೆಯರ ಒಲವು, ಜನಿವಾರದಿಂದ ಗೋಡೆ ಅಳೆದು ಕನ್ನ ಕೊರೆಯುವ ಶರ್ವಿಲಕ, ರಾಜನ ಮೈದುನನೆಂಬ ಸೊಕ್ಕಿನ ಶಕಾರ, ಮಣ್ಣಿನ ಬಂಡಿ ಬೇಡವೆಂದು ಅಳುವ ಮಗು, ಇಡೀ ಒಂದು ಊರೇ ಅದರಲ್ಲಿದೆ. ಕನ್ನಡಿಗರಿಗೂ ಈ ನಾಟಕಕ್ಕೂ ತೆರೆಯ ಮೇಲೆ ದೀರ್ಘ ಸಂಬಂಧ. ಮೋಹನ್ ಭವನಾನಿಯವರ ಮೂಕಿ ಚಿತ್ರದಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ್ದರು. ಗಿರೀಶ ಕಾರ್ನಾಡರು 1984ರಲ್ಲಿ ‘ಉತ್ಸವ್’ ಎಂಬ ಹಿಂದಿ ಚಿತ್ರ ಮಾಡಿದಾಗ ಕಳ್ಳನ ಪಾತ್ರಕ್ಕೆ ಶಂಕರ್ ನಾಗ್ ಬಂದರು. ಬನ್ನಂಜೆ ಗೋವಿಂದಾಚಾರ್ಯರು ‘ಆವೆಯ ಮಣ್ಣಿನ ಆಟದ ಬಂಡಿ’ ಎಂದು ಮೂಲ ನಾಟಕವನ್ನು ಅಚ್ಚ ಕನ್ನಡಕ್ಕೆ ತಂದರು. 1941ರ ‘ವಸಂತಸೇನಾ’ವನ್ನು ರಾಮಯ್ಯರ್ ಶಿರೂರ್ ನಿರ್ದೇಶಿಸಿದರು, ಎ.ವಿ. ಮೇಯಪ್ಪನ್ ಬಂಡವಾಳದ ಬೆಂಬಲ ಕೊಟ್ಟರು. ಸುಬ್ಬಯ್ಯ ನಾಯ್ಡು ಚಾರುದತ್ತನಾದರೆ, ನಾಗೇಂದ್ರರಾಯರು ಶಕಾರನಾದರು, ಲಕ್ಷ್ಮೀಬಾಯಿ ವಸಂತಸೇನೆಯಾದರು. ನಾಯ್ಡು ಮತ್ತು ನಾಗೇಂದ್ರರಾಯರ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ ರಂಗಾನುಭವವೇ ಆ ಚಿತ್ರದ ಮೂಲಧನ. ಶಕಾರನ ಪಾತ್ರ ನಾಯಕನಿಗಿಂತ ಹೆಚ್ಚು ಹೊತ್ತು ಜನರ ನೆನಪಿನಲ್ಲಿ ನಿಲ್ಲುವಂಥದ್ದು. ಪುರಾಣಗಳನ್ನು ಅಡ್ಡಾದಿಡ್ಡಿ ಬೆರೆಸಿ ಪಾಂಡಿತ್ಯ ಮೆರೆಯುವ ಆ ಮೂರ್ಖನ ಮಾತು, ಸಭೆಯಲ್ಲಿ ರಾಮಾಯಣ ಭಾರತ ಬಲ್ಲವರು ಇದ್ದಷ್ಟೂ ನಗೆ ಎಬ್ಬಿಸುತ್ತದೆ. ಸದಾರಮೆಯ ಕಳ್ಳನಂತೆ ಶಕಾರನೂ ಕೇಳುಗರನ್ನು ನಂಬಿ ಬದುಕುವ ಪಾತ್ರ.

ಈ ಚಿತ್ರಗಳ ಹಣೆಬರಹ ಬರೆದದ್ದು ಅವುಗಳ ಕಚ್ಚಾವಸ್ತು. ಆ ಕಾಲದ ಫಿಲ್ಮಿನ ಪಟ್ಟಿ ಸೆಲ್ಯುಲೋಸ್ ನೈಟ್ರೇಟ್ ಎಂಬ ರಾಸಾಯನಿಕದಿಂದ ಮಾಡಿದ್ದು. ಬಿಸಿಲಿಗೂ ತೇವಕ್ಕೂ ಅದು ಕೊಳೆಯುತ್ತದೆ, ಅಂಟಾಗುತ್ತದೆ, ಪುಡಿಯಾಗುತ್ತದೆ, ಹತ್ತಿಕೊಂಡರೆ ನೀರಿನಡಿಯಲ್ಲಿಯೂ ಉರಿಯುತ್ತದೆ. ಅದರ ಮೇಲಿನ ಲೇಪದಲ್ಲಿ ಬೆಳ್ಳಿಯ ಅಂಶ ಇದ್ದುದರಿಂದ, ಓಟ ಮುಗಿದ ಪ್ರತಿಗಳನ್ನು ಬೆಳ್ಳಿ ತೆಗೆಯಲು ಕರಗಿಸುವ ವ್ಯಾಪಾರವೂ ನಡೆಯಿತು. ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ಭಾರತದ ರಾಷ್ಟ್ರೀಯ ಚಲನಚಿತ್ರ ಭಂಡಾರ ಪುಣೆಯಲ್ಲಿ ಸ್ಥಾಪನೆಯಾದದ್ದು 1964ರಲ್ಲಿ, ಅಂದರೆ ಕನ್ನಡದ ಮೊದಲ ಮಾತಿನ ಚಿತ್ರ ತೆರೆಕಂಡ ಮೂವತ್ತು ವರ್ಷಗಳ ಮೇಲೆ. ಪಿ.ಕೆ. ನಾಯರ್ ಅವರಂತಹ ನಿಷ್ಠಾವಂತರು ಹಳ್ಳಿಯ ಟೆಂಟುಗಳಿಂದ, ಗುಜರಿ ಅಂಗಡಿಗಳಿಂದ, ಹಳೆಯ ನಿರ್ಮಾಪಕರ ಅಟ್ಟಗಳಿಂದ ರೀಲು ಹುಡುಕಿ ತಂದು ಅಲ್ಲಿ ಸೇರಿಸಿದರು. ಅವರ ಹುಡುಕಾಟವಿಲ್ಲದಿದ್ದರೆ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ ಉಳಿದ ಭಾಗಗಳನ್ನೂ ಇಂದು ನೋಡಲಾಗುತ್ತಿರಲಿಲ್ಲ. ಆದರೂ 2003ರ ಜನವರಿಯಲ್ಲಿ, ಹಳೆಯ ಪ್ರಭಾತ್ ಆವರಣದಲ್ಲಿದ್ದ ನೈಟ್ರೇಟ್ ಫಿಲ್ಮಿನ ಉಗ್ರಾಣಕ್ಕೆ ಬೆಂಕಿ ಬಿದ್ದು ಅಮೂಲ್ಯ ಮೂಲಪ್ರತಿಗಳು ಸುಟ್ಟುಹೋದವು. ಶಾಶ್ವತವೆಂದು ನಂಬಿದ ಮಾಧ್ಯಮ ಎಷ್ಟು ಕ್ಷಣಿಕವಾಗಿತ್ತು ಎಂಬುದನ್ನು ಒಪ್ಪಿಕೊಳ್ಳಲು ಮನಸ್ಸಿಗೆ ನೋವಾಗುತ್ತದೆ.

ಹಾಗಾದರೆ ನಾಟಕ ಉಳಿದದ್ದು ಹೇಗೆ? ಮೊದಲನೆಯದಾಗಿ ಗ್ರಾಮೊಫೋನು. ಒಂದು ಮುಖಕ್ಕೆ ಮೂರು ನಿಮಿಷ ಚಿಲ್ಲರೆ ಓಡುವ ಅರಗಿನ ತಟ್ಟೆಗಳಲ್ಲಿ ರಂಗಗೀತೆಗಳನ್ನು ಮುದ್ರಿಸುತ್ತಿದ್ದರು; ಹಲವು ತಟ್ಟೆಗಳ ಸೆಟ್ಟಾಗಿ ಇಡೀ ನಾಟಕವನ್ನೇ ಸಂಕ್ಷೇಪಿಸಿ ಮಾರುವ ಪದ್ಧತಿಯೂ ಇತ್ತು. ಎರಡನೆಯದು, ಬಹು ಮುಖ್ಯವಾದದ್ದು, ನೇರವಾದ ಗುರುಶಿಷ್ಯ ಪರಂಪರೆ. ಕಂಪನಿಯಲ್ಲಿ ಎಳೆಯರು ಪರದೆಯ ಪಕ್ಕದಲ್ಲಿ ನಿಂತು ಹಿರಿಯರ ಪಾರ್ಟುಗಳನ್ನು ಕೇಳಿಯೇ ಬಾಯಿಪಾಠ ಮಾಡುತ್ತಿದ್ದರು, ಯಾವ ಊರಿನಲ್ಲಿ ಯಾವ ಮಾತಿಗೆ ನಗೆ ಬಂತು ಎಂಬುದನ್ನೂ ಅದರ ಜೊತೆಗೇ ಕಲಿಯುತ್ತಿದ್ದರು. ಆರ್. ಪರಮಶಿವನ್ ಅವರಂತಹ ಸಂಗೀತಗಾರರು ಹಳೆಯ ಕಂಪನಿಗಳ ಮಟ್ಟುಗಳನ್ನು ನೆನಪಿನಲ್ಲಿ ಹೊತ್ತು ತಂದು ಹೊಸ ತಲೆಮಾರಿಗೆ ಕಲಿಸಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿ, ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ತಾವು ಆರಿಸಿಕೊಂಡದ್ದು ನಾಯಕಿಯ ಪಾತ್ರವನ್ನಲ್ಲ, ಅಜ್ಜನ ಕಳ್ಳನ ಪಾತ್ರವನ್ನು. ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ರಂಗಭೂಮಿಯ ವಾರಸುದಾರಳೊಬ್ಬಳು ಗಂಡುಕಳ್ಳನಾಗಿ ನಿಂತು ನಾಯಕಿಯನ್ನು ಒಲಿಸುವ ಆ ದೃಶ್ಯದಲ್ಲಿ ಹಳೆಯ ನಗೆಯ ಜೊತೆಗೆ ಹೊಸದೊಂದು ಅರ್ಥವೂ ಸೇರಿಕೊಂಡಿತು. ಆಕೆಯ ಕಳ್ಳನೂ ಸಭಿಕರ ಜೊತೆ ಮಾತಿಗಿಳಿಯುತ್ತಾನೆ, ಆ ದಿನದ ಸಂಗತಿಗಳನ್ನು ಎತ್ತಿಕೊಳ್ಳುತ್ತಾನೆ. ಪಠ್ಯ ಬದಲಾಗುತ್ತಲೇ ಇರುವುದು ಅದರ ಪಾಠಶುದ್ಧಿ.

ರಂಗಪ್ರಯೋಗದ ಚಿತ್ರೀಕರಣ ಈಗ ಜಗತ್ತಿನಾದ್ಯಂತ ಒಂದು ಪ್ರತ್ಯೇಕ ಕಲೆಯಾಗಿ ಬೆಳೆದಿದೆ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರ ಜೂನ್‌ನಲ್ಲಿ ತನ್ನ ನಾಟಕವೊಂದನ್ನು ಆಡುತ್ತಿರುವಾಗಲೇ ಚಿತ್ರಮಂದಿರಗಳಿಗೆ ನೇರ ಪ್ರಸಾರ ಮಾಡಿ ಹೊಸ ಪದ್ಧತಿಗೆ ನಾಂದಿ ಹಾಡಿತು. ‘ಸದಾರಮೆ’ಯ ದೃಷ್ಟಿಯಿಂದ ಅದಕ್ಕಿಂತ ಹೆಚ್ಚು ಪಾಠ ಕಲಿಸುವುದು ಗ್ಲೋಬ್ ರಂಗಮಂದಿರದವರು 2012ರಲ್ಲಿ ಚಿತ್ರೀಕರಿಸಿದ ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’. ಅದೂ ಪ್ರಣಯ ವಿನೋದ. ಅದರಲ್ಲಿಯೂ ಗಂಡುವೇಷದ ನಾಯಕಿ, ಆ ವೇಷಕ್ಕೆ ಮರುಳಾಗುವ ಇನ್ನೊಬ್ಬ ಹೆಣ್ಣು. ಮೇಲಾಗಿ ಅದನ್ನು ಆಡಿದವರೆಲ್ಲ ಗಂಡಸರು, ಮಾರ್ಕ್ ರೈಲನ್ಸ್ ಒಲಿವಿಯಾ ಆಗಿ, ಸ್ಟೀಫನ್ ಫ್ರೈ ಮಾಲ್ವೋಲಿಯೋ ಆಗಿ. ಗ್ಲೋಬ್ ಹಗಲ ಬೆಳಕಿನ, ನಡು ಅಂಗಳಕ್ಕೆ ಮಾಡಿಲ್ಲದ ರಂಗಮಂದಿರ. ಪ್ರೇಕ್ಷಕರು ರಂಗದ ಅಂಚಿಗೆ ಮೊಣಕೈ ಊರಿ ನಿಂತಿರುತ್ತಾರೆ, ಅವರ ಮುಖಗಳು ಚೌಕಟ್ಟಿನೊಳಗೇ ಇವೆ, ಅವರ ನಗೆ ಧ್ವನಿಪಥದಲ್ಲಿದೆ, ಆ ನಗೆ ಇಳಿಯುವ ತನಕ ನಟರು ಕಾಯುವುದೂ ಕಾಣುತ್ತದೆ. ಬಾಲಗಂಧರ್ವರ ಮೀರೆಯನ್ನು ಸ್ಟುಡಿಯೋದ ಮೌನ ಸೋಲಿಸಿತ್ತು. ರೈಲನ್ಸರ ಒಲಿವಿಯಾಳನ್ನು ಸುತ್ತ ನಿಂತ ಜನ ಕಾಪಾಡುತ್ತಾರೆ, ಏಕೆಂದರೆ ಅವಳನ್ನು ಹೆಣ್ಣೆಂದು ಒಪ್ಪಿಕೊಂಡವರು ಅಲ್ಲೇ ಕಣ್ಣೆದುರಿಗೆ ಇದ್ದಾರೆ, ತೆರೆಯ ಮುಂದೆ ಕೂತವರು ಅವರ ಜೊತೆ ಸೇರಿಕೊಂಡರೆ ಸಾಕು.

ಕನ್ನಡದಲ್ಲಿ ಇಂತಹ ಕೆಲಸ ನಡೆಯುತ್ತಿಲ್ಲವೆಂದಲ್ಲ. ದೂರದರ್ಶನದ ಕಾಲದಿಂದಲೂ ನಾಟಕಗಳು ಕ್ಯಾಮೆರಾಕ್ಕೆ ಒದಗಿವೆ. ಹೆಗ್ಗೋಡಿನ ನೀನಾಸಂ 1985ರಿಂದ ನಡೆಸಿಕೊಂಡು ಬಂದ ತಿರುಗಾಟದ ಕೆಲವು ನಾಟಕಗಳನ್ನು ಸಂಚಿ ಪ್ರತಿಷ್ಠಾನದವರು ಅಚ್ಚುಕಟ್ಟಾಗಿ ದಾಖಲಿಸಿ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಮಾಡಿರುವುದು ಬಹಳ ದೊಡ್ಡ ಉಪಕಾರ. ಕಂಪನಿ ನಾಟಕಗಳ ಪಾಲಿಗೆ ಇಷ್ಟು ಶ್ರದ್ಧೆ ಇನ್ನೂ ಒದಗಿಲ್ಲ. ಜಾತ್ರೆಯ ಕ್ಯಾಂಪುಗಳಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ತುಣುಕುಗಳೇ ಹೆಚ್ಚು. ಅವುಗಳಲ್ಲಿ ಹಾರ್ಮೋನಿಯಂ ಕೇಳಿಸಿದರೆ ನಟ ಕಾಣುವುದಿಲ್ಲ, ನಟ ಕಂಡರೆ ಮಾತು ಕೇಳಿಸುವುದಿಲ್ಲ.

‘ಸದಾರಮೆ’ಯಂತಹ ನಾಟಕವನ್ನು ಮುಂದೆ ಯಾರಾದರೂ ಚಿತ್ರೀಕರಿಸುವುದಾದರೆ ಖಾಲಿ ರಂಗಮಂದಿರದಲ್ಲಿ ಅದನ್ನು ಮಾಡಬಾರದು, ಟಿಕೆಟ್ ಕೊಂಡು ಬಂದ ಜನರ ನಡುವೆ, ಒಂದೇ ಊರಿನಲ್ಲಿ ಅಲ್ಲದೆ ಕನಿಷ್ಠ ಎರಡು ಊರುಗಳಲ್ಲಿ ಮಾಡಬೇಕು, ಏಕೆಂದರೆ ಕಳ್ಳನು ತುಮಕೂರಿನಲ್ಲಿ ಆಡುವ ಮಾತು ಬೇರೆ, ಸೋಲಾಪುರದ ಕನ್ನಡಿಗರ ಎದುರು ಆಡುವ ಮಾತು ಬೇರೆ, ಆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ಈ ಪಾತ್ರದ ಅಳತೆ ಸಿಗುತ್ತದೆ. ಒಂದು ಕ್ಯಾಮೆರಾ ಇಡೀ ರಂಗವನ್ನು ಕದಲದೆ ನೋಡುತ್ತಿರಬೇಕು, ಇನ್ನೊಂದು ಸಭೆಯ ಕಡೆ ಮುಖ ಮಾಡಿರಬೇಕು, ಮೂರನೆಯದು ಹಾರ್ಮೋನಿಯಂ ಮತ್ತು ತಬಲಾದವರನ್ನು ಬಿಟ್ಟು ಕದಲಬಾರದು. ‘ಒನ್ಸ್ ಮೋರ್’ ಬಂದರೆ ಸಂಕಲನದಲ್ಲಿ ಅದನ್ನು ಕತ್ತರಿಸದೆ ಎರಡನೆಯ ಸಲದ ಹಾಡನ್ನೂ ಪೂರ್ತಿ ಉಳಿಸಬೇಕು. ಡಿಜಿಟಲ್ ಕಡತಗಳಿಗೂ ಆಯುಷ್ಯ ಕಡಿಮೆ, ಹಳೆಯ ಮಾದರಿಯ ಕಡತವನ್ನು ಹೊಸ ಯಂತ್ರ ಓದಲಾರದ ದಿನ ಬೇಗ ಬರುತ್ತದೆ. ಆದ್ದರಿಂದ ಒಂದು ಪ್ರತಿ ಬೆಂಗಳೂರಿನಲ್ಲಿ, ಒಂದು ಪ್ರತಿ ಪುಣೆಯ ಭಂಡಾರದಲ್ಲಿ ಇರಲಿ, ಐದಾರು ವರ್ಷಕ್ಕೊಮ್ಮೆ ಅವನ್ನು ಹೊಸ ಮಾದರಿಗೆ ವರ್ಗಾಯಿಸುವ ಹೊಣೆಯನ್ನು ಒಪ್ಪಂದದಲ್ಲಿಯೇ ಬರೆದಿಡಲಿ, ನಟರಿಗೂ ಪಕ್ಕವಾದ್ಯದವರಿಗೂ ಸಲ್ಲಬೇಕಾದ ಸಂಭಾವನೆಯ ಪಾಲು ಅದೇ ಒಪ್ಪಂದದಲ್ಲಿ ಸೇರಲಿ.